ಸಿಸ್ಟರ್‌ಗೆ ಧೈರ್ಯವಾಗಿ ಕೇಳಿ
ಜಗಳೂರಿನಿಂದ ಬಂದು ಒಂದೂವರೆ ವರ್ಷದ ಮಗಳನ್ನು ಜ್ವರಕ್ಕೆ ದಾವಣಗೆರೆಯಲ್ಲಿ ಅಡ್ಮಿಟ್ ಮಾಡಿದ್ದೀರಿ. ಔಷಧಿ ಬಗ್ಗೆ ಪದೇಪದೇ ಕೇಳಿದರೆ ಸಿಸ್ಟರ್‌ಗೆ ಸಿಟ್ಟು ಬರುತ್ತದಾ ಅಂತ ಕೇಳಿದ್ದೀರಿ ಅಲ್ವಾ? ಕೇಳಿ ಅಮ್ಮಾ, ಹೆದರಬೇಡಿ. ನಾನು ಇದೇ ಊರಿನಲ್ಲಿ ಮಕ್ಕಳ ವಾರ್ಡಿನ ನರ್ಸ್ ಆಗಿದ್ದೆ. ಕೇಳುವ ತಾಯಿ ಇದ್ದರೆ ನಮಗೂ ಒಂದು ಕಣ್ಣು ಜಾಸ್ತಿ ಇದ್ದ ಹಾಗೆ.

ಮಕ್ಕಳಿಗೆ ಹೆಚ್ಚಿನ ಔಷಧಿಗಳ ಲೆಕ್ಕ ತೂಕದ ಮೇಲೆ. ಕೇಸ್ ಶೀಟಿನಲ್ಲಿ ಈ ಸಲದ ತೂಕ ಬರೆದಿದೆಯಾ ನೋಡಿ. ಅಂದಾಜು ಬೇಡ, ತೂಕ ಮಾಡಿಸಿ.

ಮನೆಗೆ ಹೋದ ಮೇಲೆ ಪ್ಯಾರಸಿಟಮಾಲ್ ಬಗ್ಗೆ ತುಂಬಾ ಹುಷಾರು. ಡ್ರಾಪ್ಸ್‌ನ 1 ಎಂ.ಎಲ್.ನಲ್ಲಿ ಸಾಮಾನ್ಯವಾಗಿ 100 ಮಿ.ಗ್ರಾಂ ಇರುತ್ತದೆ. ಸಿರಪ್‌ನ 5 ಎಂ.ಎಲ್.ನಲ್ಲಿ 125 ಅಥವಾ 250. 10 ಕೆಜಿ ಮಗುವಿಗೆ ಒಂದು ಸಲಕ್ಕೆ ಹೆಚ್ಚೆಂದರೆ 150 ಮಿ.ಗ್ರಾಂ. 125ರ ಸಿರಪ್ ಆದರೆ ಅದು 6 ಎಂ.ಎಲ್. ಅದೇ 6 ಎಂ.ಎಲ್. ಡ್ರಾಪ್ಸ್ ಕೊಟ್ಟರೆ 600 ಮಿ.ಗ್ರಾಂ, ನಾಲ್ಕು ಪಟ್ಟು! ಡಿಸ್ಚಾರ್ಜ್ ದಿನ ಒಬ್ಬ ಅಜ್ಜಿ ಹೀಗೇ ಕೊಡಲು ಹೊರಟಿದ್ದರು. ಕೈ ಹಿಡಿದು ತಡೆದೆ. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ಬಾಟಲಿ ಬದಲಾದರೆ ಅಳತೆಯೂ ಬದಲಾಗುತ್ತದೆ, ಎಷ್ಟು ಎಂ.ಎಲ್. ಅಂತ ಡಾಕ್ಟರ್ ಹತ್ತಿರವೇ ಬರೆಸಿಕೊಳ್ಳಿ. ಮನೆ ಚಮಚ ಬೇಡವೇ ಬೇಡ.

ಇಂಜೆಕ್ಷನ್‌ಗೆ ಬಂದಾಗ ಮಗಳ ಪೂರ್ತಿ ಹೆಸರು ಹೇಳಿ. ಒಂದೇ ವಾರ್ಡಿನಲ್ಲಿ ಇಬ್ಬರು ಸಾನ್ವಿ ಇರಬಹುದು. ಕೈ ತೊಳೆದಿದ್ದೀರಾ ಅಂತಲೂ ಕೇಳಬಹುದು, ತಪ್ಪೇನಿಲ್ಲ.

ಡ್ರಿಪ್ ಹಾಕಿದ ಕೈ ಊದಿದರೆ ಬೆಳಗಿನ ರೌಂಡ್ಸ್‌ಗೆ ಕಾಯಬೇಡಿ. ಮಗು ಯಾಕೋ ಮಂಕಾಗಿದೆ ಅನಿಸಿದರೂ ಸಾಕು, ರಾತ್ರಿ ಎರಡು ಗಂಟೆಯಾದರೂ ಕರೆಯಿರಿ.