ಪುಣೆಯಲ್ಲಿದ್ದುಕೊಂಡು ಅಜ್ಜಿಯ ಇಳಕಲ್ ಸೀರೆಗಳ ಅಧ್ಯಯನ ಎಲ್ಲಿಂದ ಶುರು ಮಾಡಲಿ?

ಒಡಲು ಮತ್ತು ಸೆರಗು ಕೂಡುವ ಜಾಗದಿಂದಲೇ ಶುರು ಮಾಡಿ. ಇಳಕಲ್ ಸೀರೆಯ ಜೀವ ಇರುವುದೇ ಅಲ್ಲಿ. ಒಡಲಿನ ಹಾಸು ಎಳೆ (ಸೀರೆಯ ಉದ್ದಕ್ಕೆ ಹೋಗುವ ದಾರ) ಬೇರೆ, ಸೆರಗಿನ ಕೆಂಪು ರೇಷ್ಮೆ ಎಳೆ ಬೇರೆ. ನೇಕಾರರು ಒಂದೊಂದೇ ಎಳೆಗೆ ಕೊಂಡಿ ಹಾಕಿ ಎರಡನ್ನೂ ಸೇರಿಸುತ್ತಾರೆ. ಭೂತಗನ್ನಡಿ ಹಿಡಿದರೆ ಆ ಸಾಲು ಕಾಣುತ್ತದೆ. ಸೆರಗಿನ ಬಿಳಿ ಚಿತ್ತಾರದಲ್ಲಿ ಬಾಚಣಿಗೆ ಹಲ್ಲು, ಕೋಟೆ ತೆನೆ (ಕೋಟೆ ಗೋಡೆಯ ಮೇಲಿನ ಹಲ್ಲಿನಂಥ ಅಂಚು), ಜೋಳದ ತೆನೆ ಹುಡುಕಿ. ಕಸೂತಿ ಇದ್ದರೆ ಮಗುಚಿ ನೋಡಿ: ಗವಂತಿ (ನೇರ ಗೆರೆಯ), ಮುರಗಿ (ಮೆಟ್ಟಿಲಿನಂಥ) ಹೊಲಿಗೆ ಎರಡೂ ಬದಿ ಒಂದೇ ಥರ ಇರುತ್ತವೆ.

ಯಾರು ಉಟ್ಟರು, ಯಾವ ಮದುವೆಗೆ ತಂದದ್ದು ಅಂತ ಹಿರಿಯರನ್ನು ಈಗಲೇ ಕೇಳಿ ಬರೆದಿಡಿ, ಇದು ತುಂಬಾ ಮುಖ್ಯ. ಪಕ್ಕದ ಮರಾಠಿ ಅಜ್ಜಿಯರನ್ನೂ ಕೇಳಿ, ಅವರ ಪೆಟ್ಟಿಗೆಯಲ್ಲೂ ಇಳಕಲ್ ಇರುತ್ತದೆ ಅಲ್ವಾ! ಪುಣೆಯಲ್ಲೇ ಇರುವ ಕೇಳ್ಕರ್ ಮ್ಯೂಸಿಯಂನಲ್ಲಿ ಹಳೆಯ ಬಟ್ಟೆಗಳನ್ನು ನೋಡಿ ಬನ್ನಿ. ಸೀರೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಿ.