ಸದನ ಸಮಿತಿ ಮುಂದೆ ಬರುವ ಪೊಲೀಸರಿಗೆ ಪ್ರಮಾಣ ಮಾಡಿಸಬೇಕಾ?

ಶಾಸನಸಭೆಯ ಸಮಿತಿಗಳು ಪೊಲೀಸ್ ಅಧಿಕಾರಿಗಳನ್ನು ಕರೆಸಿ ವಿಚಾರಿಸುವಾಗ ಕೋರ್ಟಿನ ಹಾಗೆ ಪ್ರಮಾಣ ಮಾಡಿಸಬೇಕಾ, ಅಥವಾ ಹೇಗೂ ಸರ್ಕಾರಿ ನೌಕರರು, ಅವರ ಮಾತೇ ಸಾಕಾ ಅಂತ ಕೇಳಿದ್ದೀರಿ. ಮಾಡಿಸಬೇಕು ಅನ್ನುವುದು ನನ್ನ ಉತ್ತರ. ಆದರೆ ಪೊಲೀಸರಿಗೊಬ್ಬರಿಗೇ ಅಲ್ಲ, ಆ ಕುರ್ಚಿಯಲ್ಲಿ ಬಂದು ಕೂರುವ ಎಲ್ಲರಿಗೂ ಮಾಡಿಸಬೇಕು.

ನಾನು ಕ್ರಿಮಿನಲ್ ಕೇಸುಗಳನ್ನು ನಡೆಸುವ ವಕೀಲ. ಪೊಲೀಸರು ಪ್ರಮಾಣ ಮಾಡುವುದನ್ನು ವಾರಕ್ಕೆ ನಾಲ್ಕೈದು ಸಲ ನೋಡುತ್ತೇನೆ. ಹಳೆಯ ಹೆಡ್ ಕಾನ್‌ಸ್ಟೇಬಲ್‌ಗಳಿಗಂತೂ ಅದು ಬಾಯಿಪಾಠ. ಗುಮಾಸ್ತರು ಒಂದು ಪದ ಶುರು ಮಾಡುವಷ್ಟರಲ್ಲಿ ಇವರು ಕೊನೆಯ ಪದ ಮುಗಿಸಿ ಟೋಪಿ ಸರಿ ಮಾಡಿಕೊಳ್ಳುತ್ತಿರುತ್ತಾರೆ. ಹಾಗಾಗಿ ಪ್ರಮಾಣ ಮಾಡಿದ ತಕ್ಷಣ ಮನುಷ್ಯ ಬದಲಾಗಿಬಿಡುತ್ತಾನೆ ಅನ್ನುವ ಭ್ರಮೆ ನನಗಿಲ್ಲ. ನ್ಯೂಯಾರ್ಕ್ ಪೊಲೀಸರ ಭ್ರಷ್ಟಾಚಾರದ ಬಗ್ಗೆ 1994ರಲ್ಲಿ ವರದಿ ಕೊಟ್ಟ ಮೊಲೆನ್ ಆಯೋಗಕ್ಕೆ ಅಲ್ಲಿನ ಪೊಲೀಸರ ನಡುವೆಯೇ ಓಡಾಡುತ್ತಿದ್ದ ಒಂದು ಪದ ಸಿಕ್ಕಿತು: ‘ಟೆಸ್ಟಿಲೈಯಿಂಗ್’. ಸಾಕ್ಷಿ ಹೇಳುವುದು, ಸುಳ್ಳು ಹೇಳುವುದು, ಎರಡನ್ನೂ ಕೂಡಿಸಿ ಮಾಡಿದ ಪದ. ಇಂಥದ್ದಕ್ಕೆ ಪೊಲೀಸರೇ ಒಂದು ಹೆಸರು ಕೊಟ್ಟುಕೊಂಡಿದ್ದರು ಅಂದರೆ ಅದು ಎಷ್ಟು ಮಾಮೂಲಾಗಿತ್ತು ನೋಡಿ.

ಹಾಗಿದ್ದರೂ ಯಾಕೆ ಬೇಕು ಅನ್ನುತ್ತೇನೆ ಅಂದರೆ, ಒಂದು ಕೇಸಿನಲ್ಲಿ ಆದದ್ದನ್ನು ಹೇಳಬೇಕು.

ಮಹಜರಿಗೆ ಸಹಿ ಮಾಡಿದ್ದ ಒಬ್ಬ ಚಿಕ್ಕ ವಯಸ್ಸಿನ ಕಾನ್‌ಸ್ಟೇಬಲ್‌ಗೆ ನಾನು ಪಾಟೀಸವಾಲು ಮಾಡುತ್ತಿದ್ದೆ. ರಾತ್ರಿ ಹನ್ನೊಂದಕ್ಕೆ ಜಾಗದಲ್ಲೇ ಬರೆದ ಮಹಜರು ಅಂತ ಕಾಗದ ಹೇಳುತ್ತಿತ್ತು. ‘ಆ ಹೊತ್ತಿಗೆ ನೀವು ಅಲ್ಲಿದ್ದಿರಾ?’ ಅಂತ ಕೇಳಿದೆ. ಹುಡುಗ ಸುಮ್ಮನಾದ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಇನ್‌ಸ್ಪೆಕ್ಟರ್ ಕಡೆ ಒಂದು ಸಲ ನೋಡಿದ. ಕಟಕಟೆಯ ಮರವನ್ನು ಹೆಬ್ಬೆರಳಿನಿಂದ ಕೆರೆಯುತ್ತಾ ಇದ್ದ. ಆಮೇಲೆ ‘ಇರಲಿಲ್ಲ ಸಾರ್, ಸ್ಟೇಷನ್ನಿನಲ್ಲಿ ಸಹಿ ಮಾಡಿದೆ’ ಅಂದ. ಮಧ್ಯಾಹ್ನ ವರಾಂಡದಲ್ಲಿ ಇನ್‌ಸ್ಪೆಕ್ಟರ್ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಅವನು ಹೇಳಿದ್ದು ಒಂದೇ ಮಾತು: ‘ಪ್ರಮಾಣ ಮಾಡಿಸಿಬಿಟ್ಟಿದ್ರಲ್ಲ ಸಾರ್, ಏನ್ ಮಾಡ್ಲಿ?’

ಆ ಹುಡುಗ ದೇವರಿಗೆ ಹೆದರಿದನೋ ಜೈಲಿಗೆ ಹೆದರಿದನೋ ನನಗೆ ಮುಖ್ಯವಲ್ಲ. ಮೇಲಿನವರಿಗೆ ಹೇಳಲು ಅವನಿಗೊಂದು ನೆಪ ಸಿಕ್ಕಿತು. ಪೊಲೀಸ್ ಇಲಾಖೆಯಲ್ಲಿ ಮೇಲಧಿಕಾರಿಯ ಮಾತಿಗೆ ವಿರುದ್ಧವಾಗಿ ನಿಜ ಹೇಳುವುದು ಸುಲಭ ಅಲ್ಲ. ಪ್ರಮಾಣ ಇಲ್ಲದೆ ಹೇಳಿದರೆ ಅದು ಇಲಾಖೆಗೆ ಮಾಡಿದ ದ್ರೋಹ. ಪ್ರಮಾಣ ಮಾಡಿ ಹೇಳಿದರೆ, ‘ಬೇರೆ ದಾರಿ ಇರಲಿಲ್ಲ’ ಅನ್ನಬಹುದು. ಸುಳ್ಳುಗಾರನನ್ನು ಕಟ್ಟಿಹಾಕುವುದಕ್ಕಿಂತ ಜಾಸ್ತಿ, ಇಂಥವರಿಗೆ ನೆರಳಾಗುವುದರಲ್ಲೇ ಪ್ರಮಾಣದ ಉಪಯೋಗ ಇದೆ ಅಂತ ನನಗೆ ಅನ್ನಿಸುತ್ತದೆ. ಜನ ಇದರ ಬಗ್ಗೆ ಮಾತಾಡುವುದೇ ಕಡಿಮೆ.

ಇನ್ನು ನಿಯಮ ಏನು ಹೇಳುತ್ತದೆ? ಸಮಿತಿಗಳಿಗೆ ಈ ಅಧಿಕಾರ ಹೊಸದಾಗಿ ಕೊಡಬೇಕಾಗಿಲ್ಲ, ಬಹಳ ಕಡೆ ಈಗಾಗಲೇ ಇದೆ. ಲೋಕಸಭೆಯ ಕಾರ್ಯವಿಧಾನ ನಿಯಮ 272ರ ಪ್ರಕಾರ ಸಮಿತಿ ಸಾಕ್ಷಿಗೆ ಪ್ರಮಾಣ ಮಾಡಿಸಬಹುದು. ‘ನಾನು ಹೇಳುವುದು ನಿಜ, ಏನನ್ನೂ ಮುಚ್ಚಿಡುವುದಿಲ್ಲ, ನನ್ನ ಸಾಕ್ಷ್ಯದ ಯಾವ ಭಾಗವೂ ಸುಳ್ಳಾಗಿರುವುದಿಲ್ಲ’ ಅನ್ನುವುದು ಅದರ ಸಾರಾಂಶ. ಬ್ರಿಟನ್ನಿನಲ್ಲಿ ಕೆಳಮನೆಯ ಸಮಿತಿಗಳಿಗೆ 1871ರ ಕಾಯ್ದೆಯಿಂದಲೇ ಅಧಿಕಾರ ಬಂದಿದೆ. ಕೆನಡಾದಲ್ಲೂ ಇದೆ. ‘ಮಾಡಿಸಬಹುದು’ ಅಂತ ಇರುವುದೇ ತೊಂದರೆ. ಬಳಸದೆ ಬಳಸದೆ, ಅಪರೂಪಕ್ಕೆ ಬಳಸಿದಾಗ ಅದೊಂದು ಆಯುಧದ ಹಾಗೆ ಕಾಣುತ್ತದೆ. 2011ರಲ್ಲಿ ಬ್ರಿಟನ್ನಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ತೆರಿಗೆ ಇಲಾಖೆಯ ಹಿರಿಯ ವಕೀಲರಿಗೆ ನಡುವೆಯೇ ಪ್ರಮಾಣ ಮಾಡಿಸಿದಾಗ, ಅವರು ಹೇಳಿದ್ದಕ್ಕಿಂತ ಪ್ರಮಾಣ ಮಾಡಿಸಿದ್ದೇ ದೊಡ್ಡ ಸುದ್ದಿಯಾಯಿತು. ಒಬ್ಬರಿಗೆ ಮಾತ್ರ ಮಾಡಿಸಿದರೆ ‘ನಿಮ್ಮ ಮೇಲೆ ನಮಗೆ ನಂಬಿಕೆ ಇಲ್ಲ’ ಅಂತ ಮುಖಕ್ಕೇ ಹೇಳಿದ ಹಾಗೆ. ಎಲ್ಲರಿಗೂ ಮಾಡಿಸಿದರೆ ಯಾರಿಗೂ ಅವಮಾನ ಇಲ್ಲ. ಅದಕ್ಕೇ ನಾನು ಎಲ್ಲರಿಗೂ ಅಂದದ್ದು.

‘ಪ್ರಮಾಣ ಇಲ್ಲದಿದ್ದರೂ ಸಮಿತಿಗೆ ಸುಳ್ಳು ಹೇಳುವುದು ತಪ್ಪೇ ಅಲ್ವಾ?’ ಅಂತ ಕೆಲವರು ಕೇಳುತ್ತಾರೆ. ಹೌದು, ಸದನದ ಹಕ್ಕುಚ್ಯುತಿ ಆಗುತ್ತದೆ. ಅಮೆರಿಕದಲ್ಲಂತೂ 1996ರಲ್ಲಿ ಕಾನೂನು ತಿದ್ದಿದ ಮೇಲೆ, ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಸಮಿತಿ ನಡೆಸುವ ತನಿಖೆಯಲ್ಲಿ ಬೇಕೆಂದೇ ಸುಳ್ಳು ಹೇಳಿದರೆ ಪ್ರಮಾಣ ಮಾಡಿರಲಿ ಬಿಡಲಿ ಅಪರಾಧ. ಅಂಥ ಕಾನೂನು ಇರುವ ಕಡೆ ಪ್ರಮಾಣದ ತೂಕ ಸ್ವಲ್ಪ ಕಡಿಮೆ. ಇಲ್ಲದ ಕಡೆ ಉಳಿಯುವುದು ಹಕ್ಕುಚ್ಯುತಿ ಒಂದೇ. ಅದು ಹೇಗೆ ಕೊನೆಯಾಗುತ್ತದೆ ಅನ್ನುವುದಕ್ಕೆ ಕೆನಡಾ ನೋಡಿ. ರಾಷ್ಟ್ರೀಯ ಪೊಲೀಸ್ ಪಡೆಯ ಪಿಂಚಣಿ ನಿಧಿಯ ಅವ್ಯವಹಾರದ ವಿಚಾರಣೆಯಲ್ಲಿ ಒಬ್ಬ ಉಪ ಆಯುಕ್ತೆ ಸಮಿತಿಗೆ ಸುಳ್ಳು, ದಾರಿ ತಪ್ಪಿಸುವ ಸಾಕ್ಷ್ಯ ಕೊಟ್ಟರು ಅಂತ 2008ರಲ್ಲಿ ಸಂಸತ್ತು ತೀರ್ಮಾನಿಸಿತು. ಶಿಕ್ಷೆ? ಈ ತೀರ್ಮಾನವೇ ದೊಡ್ಡ ಶಿಕ್ಷೆ, ಮುಂದೆ ಏನೂ ಬೇಡ ಅಂತ ಅದೇ ಗೊತ್ತುವಳಿಯಲ್ಲಿ ಬರೆದು ಕೈತೊಳೆದುಕೊಂಡಿತು.

ಆದರೆ ಪ್ರಮಾಣಕ್ಕೂ ಒಂದು ದೊಡ್ಡ ತೂತು ಇದೆ. ಅಮೆರಿಕದ ಸುಪ್ರೀಂ ಕೋರ್ಟಿನ 1973ರ ಬ್ರಾನ್‌ಸ್ಟನ್ ಕೇಸು ನನಗೆ ಬಹಳ ಇಷ್ಟ. ಸಿನಿಮಾ ನಿರ್ಮಾಪಕರೊಬ್ಬರ ಕಂಪನಿ ದಿವಾಳಿಯಾಗಿತ್ತು. ವಿಚಾರಣೆಯಲ್ಲಿ ಪ್ರಮಾಣ ಮಾಡಿಸಿ ಕೇಳಿದರು, ‘ಸ್ವಿಸ್ ಬ್ಯಾಂಕಿನಲ್ಲಿ ನಿಮಗೆ ಖಾತೆ ಇದೆಯೇ?’ ‘ಇಲ್ಲ.’ ‘ಹಿಂದೆ ಯಾವಾಗಲಾದರೂ ಇತ್ತೇ?’ ‘ಕಂಪನಿಯದ್ದೊಂದು ಇತ್ತು, ಸುಮಾರು ಆರು ತಿಂಗಳು, ಜ್ಯೂರಿಕ್‌ನಲ್ಲಿ.’ ವಕೀಲರು ಮುಂದಿನ ಪ್ರಶ್ನೆಗೆ ಹೋದರು. ಅವರ ಸ್ವಂತ ಹೆಸರಿನಲ್ಲೂ ವರ್ಷಗಟ್ಟಲೆ ಒಂದು ಖಾತೆ ಇತ್ತು! ಸುಳ್ಳು ಸಾಕ್ಷ್ಯದ ಕೇಸಿನಲ್ಲಿ ಶಿಕ್ಷೆ ಆಯಿತು, ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ರದ್ದು ಮಾಡಿತು. ಆಡಿದ ಒಂದೊಂದು ಮಾತೂ ನಿಜ, ಉತ್ತರ ಮಾತ್ರ ಬೇರೆ ಯಾವುದೋ ಪ್ರಶ್ನೆಗೆ. ಸರಿಯಾಗಿ ಹಿಡಿದು ಕೇಳುವುದು ಕೇಳುವವರ ಕೆಲಸ ಅಂದಿತು ಕೋರ್ಟು.

ಈಗ ಅನುಭವಸ್ಥ ಪೊಲೀಸ್ ಅಧಿಕಾರಿಯನ್ನು ಆ ಕುರ್ಚಿಯಲ್ಲಿ ಕೂರಿಸಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಹಿಂದೆ ಕೂತವರು ಚೀಟಿ ದಾಟಿಸುತ್ತಾರೆ. ಇವರು ಓದಿ, ‘ನನಗೆ ಬಂದ ಮಾಹಿತಿಯ ಪ್ರಕಾರ’ ಅಂತ ಶುರು ಮಾಡುತ್ತಾರೆ. ಈ ಮಾತು ಇದ್ದರೆ ಯಾವ ಪ್ರಮಾಣವೂ ಅವರನ್ನು ಹಿಡಿಯುವುದಿಲ್ಲ, ಯಾಕೆಂದರೆ ಮಾಹಿತಿ ಬಂದದ್ದಂತೂ ನಿಜ. ಎದುರಿಗಿರುವ ಸದಸ್ಯರು ಪ್ರಶ್ನೆ ಕೇಳುವ ಬದಲು ತಮಗೆ ಸಿಕ್ಕ ಐದು ನಿಮಿಷದಲ್ಲಿ ನಾಲ್ಕು ನಿಮಿಷ ಭಾಷಣ ಮಾಡುತ್ತಾರೆ. ಮುಗಿಯಿತು.

ಮಾತು ಮಾತಿಗೆ ತಾಳೆ ನೋಡಿದಾಗಲೇ ನಿಜ ಹೊರಬಿದ್ದದ್ದು ಜಾಸ್ತಿ. ಮಾಹೇರ್ ಅರಾರ್ ಅನ್ನುವ ಕೆನಡಾದ ಇಂಜಿನಿಯರ್‌ರನ್ನು 2002ರಲ್ಲಿ ಅಮೆರಿಕ ಸಿರಿಯಾಕ್ಕೆ ಕಳಿಸಿತು, ಅಲ್ಲಿ ಚಿತ್ರಹಿಂಸೆ ಆಯಿತು. ಕೆನಡಾ ಪೊಲೀಸರು ಅವರ ಬಗ್ಗೆ ಅಮೆರಿಕಕ್ಕೆ ತಪ್ಪು ಮಾಹಿತಿ ಕೊಟ್ಟಿದ್ದರು. ಅದು ತಪ್ಪು ಅಂತ ನಿಮಗೆ ಯಾವಾಗ ಗೊತ್ತಾಯಿತು ಅನ್ನುವುದೇ ಪ್ರಶ್ನೆ. ಪೊಲೀಸ್ ಮುಖ್ಯಸ್ಥ ಜುಲಿಯಾನೊ ಜಾಕರ್ಡೆಲಿ 2006ರ ಸೆಪ್ಟೆಂಬರ್‌ನಲ್ಲಿ ಸಮಿತಿಗೆ ಒಂದು ಹೇಳಿದರು, ಡಿಸೆಂಬರ್ 5ರಂದು ಅದೇ ಸಮಿತಿಗೆ ಇನ್ನೊಂದು ಹೇಳಿದರು. ಮರುದಿನ ರಾಜೀನಾಮೆ. ಎರಡು ದಿನದ ನಡಾವಳಿಯನ್ನು ಪಕ್ಕಪಕ್ಕ ಇಟ್ಟು ಓದಿದರೆ ಸಾಕಿತ್ತು. ಬ್ರಿಟನ್ನಿನಲ್ಲಿ 2013ರಲ್ಲಿ, ಸಚಿವರಾಗಿದ್ದ ಆಂಡ್ರ್ಯೂ ಮಿಚೆಲ್ ಜೊತೆಗಿನ ಭೇಟಿಯ ಬಗ್ಗೆ ಪೊಲೀಸ್ ಸಂಘದ ಪ್ರತಿನಿಧಿಗಳು ಸಮಿತಿ ಮುಂದೆ ಬಂದಾಗಲೂ ಹೀಗೇ ಆಯಿತು. ಆ ಭೇಟಿಯ ಧ್ವನಿಮುದ್ರಣ ಇತ್ತು. ಅವರು ಕೊಟ್ಟ ಸಾಕ್ಷ್ಯ ದಾರಿ ತಪ್ಪಿಸುವಂತಿದೆ ಅನ್ನಿಸಿ ಸಮಿತಿ ಇಬ್ಬರನ್ನು ಮತ್ತೆ ಕರೆಸಿತು, ಅವರು ಕ್ಷಮೆ ಕೇಳಿದರು.

ಪ್ರಮಾಣ ಬೇಡ ಅನ್ನುವವರ ಒಂದು ವಾದವನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಪೊಲೀಸ್ ಸಾಕ್ಷಿ ಬೇರೆಯವರ ಹಾಗಲ್ಲ. ಅವರ ತಲೆಯಲ್ಲಿ ಮುಗಿಯದ ತನಿಖೆಗಳು ಇರುತ್ತವೆ, ಮಾಹಿತಿ ಕೊಟ್ಟವರ ಹೆಸರುಗಳು ಇರುತ್ತವೆ. ‘ಏನನ್ನೂ ಮುಚ್ಚಿಡುವುದಿಲ್ಲ’ ಅಂತ ಪ್ರಮಾಣ ಮಾಡಿಸಿ, ಆಮೇಲೆ ಟಿವಿ ಕ್ಯಾಮೆರಾ ಮುಂದೆ ಅದನ್ನೆಲ್ಲ ಕೇಳಿದರೆ ಯಾರದ್ದೋ ಜೀವಕ್ಕೆ ಸಂಚಕಾರ. ಅಂಥದ್ದನ್ನು ಮುಚ್ಚಿದ ಬಾಗಿಲಿನ ಒಳಗೆ ಕೇಳಬೇಕು, ಕೆಲವನ್ನು ಕೇಳಲೇಬಾರದು.

ಇನ್ನೊಂದು, ಆ ಅಧಿಕಾರಿಯೇ ನಾಳೆ ಆರೋಪಿ ಆಗಬಹುದು. ಅಮೆರಿಕದ ನ್ಯೂಜೆರ್ಸಿಯ ಕೆಲವು ಪೊಲೀಸರಿಗೆ ‘ಉತ್ತರ ಕೊಡಿ, ಇಲ್ಲವಾದರೆ ಕೆಲಸ ಹೋಗುತ್ತದೆ’ ಅಂತ ಹೇಳಿ ಪಡೆದ ಹೇಳಿಕೆಗಳನ್ನು ಅವರ ಮೇಲೆಯೇ ಬಳಸಿದ್ದರು. 1967ರ ಗ್ಯಾರಿಟಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಾಗೆ ಬಳಸಕೂಡದು ಅಂದಿತು. ಆಲಿವರ್ ನಾರ್ತ್ ಪೊಲೀಸರಲ್ಲ, ಸೇನಾಧಿಕಾರಿ, ಆದರೂ ಅವರ ಕಥೆ ಇಲ್ಲಿಗೆ ಸರಿ ಹೊಂದುತ್ತದೆ. ಇರಾನಿಗೆ ಗುಟ್ಟಾಗಿ ಆಯುಧ ಮಾರಿ ಆ ಹಣವನ್ನು ನಿಕರಾಗುವಾದ ಬಂಡುಕೋರರಿಗೆ ದಾಟಿಸಿದ ಇರಾನ್-ಕಾಂಟ್ರಾ ಹಗರಣದಲ್ಲಿ 1987ರಲ್ಲಿ, ಈ ಮಾತನ್ನು ನಿಮ್ಮ ವಿರುದ್ಧ ಬಳಸುವುದಿಲ್ಲ ಅನ್ನುವ ಭರವಸೆ ಕೊಟ್ಟು ಕಾಂಗ್ರೆಸ್ ಸಮಿತಿ ಸಾಕ್ಷಿ ಪಡೆಯಿತು. ದೇಶವೆಲ್ಲ ಟಿವಿಯಲ್ಲಿ ನೋಡಿತು. ಆಮೇಲೆ ಕೋರ್ಟಿನಲ್ಲಿ ಆದ ಶಿಕ್ಷೆ 1990ರಲ್ಲಿ ಮೇಲ್ಮನವಿಯಲ್ಲಿ ಬಿದ್ದುಹೋಯಿತು, ಕಾರಣ ಆ ಸಾಕ್ಷ್ಯದ ಪ್ರಭಾವ ಬೇರೆ ಸಾಕ್ಷಿಗಳ ಮೇಲೆ ಆಗಿರಬಹುದು ಅನ್ನುವುದು. ಸಮಿತಿಯ ಆತುರಕ್ಕೆ ಕೇಸೇ ಹೋಯಿತು. ಹಾಗಾಗಿ ಸ್ವತಃ ತಪ್ಪು ಮಾಡಿರಬಹುದಾದ ಅಧಿಕಾರಿಯನ್ನು ಕರೆಯುವ ಮುಂಚೆ ಸಮಿತಿ ತನಿಖಾಧಿಕಾರಿಗಳ ಹತ್ತಿರ ಒಂದು ಮಾತು ಕೇಳುವುದು ವಾಸಿ. ಸಾಕ್ಷಿಗೆ ವಕೀಲರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲೂ ಬಿಡಬೇಕು.

ನನ್ನನ್ನು ಯಾವುದಾದರೂ ಸಮಿತಿ ಕೇಳಿದರೆ ಹೀಗೆ ಹೇಳುತ್ತೇನೆ. ಬಾಗಿಲಲ್ಲೇ ಎಲ್ಲರಿಗೂ ಪ್ರಮಾಣ ಮಾಡಿಸಿ. ಮುಖ್ಯಸ್ಥರನ್ನು ಮೊದಲು ಕರೆಯಬೇಡಿ, ಜಾಗದಲ್ಲಿ ಇದ್ದವರನ್ನು ಮೊದಲು ಕರೆಯಿರಿ. ಅವರ ಮೇಲಧಿಕಾರಿ ಆಗ ಆ ಕೋಣೆಯಲ್ಲಿ ಇರಬಾರದು, ಚೀಟಿಯೂ ದಾಟಬಾರದು. ಮುಖ್ಯಸ್ಥರು ಕೊನೆಗೆ ಬಂದು ‘ನನಗೆ ಬಂದ ಮಾಹಿತಿಯ ಪ್ರಕಾರ’ ಅಂದರೆ ಅಲ್ಲೇ ನಿಲ್ಲಿಸಿ, ‘ಯಾರು ಕೊಟ್ಟರು, ಯಾವ ದಿನ, ಬರವಣಿಗೆಯಲ್ಲೋ ಬಾಯಿಮಾತಿನಲ್ಲೋ?’ ಅಂತ ಕೇಳಿ. ಬಂದ ಹೆಸರನ್ನು ಬರೆದುಕೊಳ್ಳಿ. ಮುಂದಿನ ಸಮನ್ಸ್ ಆ ಹೆಸರಿಗೆ.