ದಿನಕ್ಕೆ ಎಷ್ಟು ಸಾಲು ಬರೆಸಬೇಕು? ಒಂದೂ ಬೇಡ

11 ವರ್ಷದ ಮಗನಿಗೆ ಡೌನ್ ಸಿಂಡ್ರೋಮ್, ಮಾತು ಹೊರಗಿನವರಿಗೆ ತಿಳಿಯುವುದಿಲ್ಲ, ಡೈರಿ ಬರೆಸಿದರೆ ಸರಿಹೋಗುತ್ತಾ, ದಿನಕ್ಕೆ ಎಷ್ಟು ಸಾಲು ಅಂತ ಕೇಳಿದ್ದೀರಿ. ನನ್ನ ಮಗಳಿಗೂ ಡೌನ್ ಸಿಂಡ್ರೋಮ್, ಈಗ 19 ವರ್ಷ. ಅವಳ 9ನೇ ವರ್ಷದಲ್ಲಿ ನಾನೂ ಇದೇ ಸಾಲಿನ ಲೆಕ್ಕ ಹಾಕಿದವಳು.

ನಮ್ಮಲ್ಲಿ ಇದು ಶುರುವಾಗಿದ್ದು ಬರವಣಿಗೆಯಿಂದ ಅಲ್ಲ. ನನ್ನ ತಮ್ಮ ಅವಳನ್ನು ಮೈಸೂರು ಝೂಗೆ ಕರೆದುಕೊಂಡು ಹೋಗಿದ್ದ. ಫ್ರಾಕಿನ ಜೇಬಲ್ಲಿ ಟಿಕೆಟ್ ಸಿಕ್ಕಿತು, ಸುಮ್ನೆ ಒಂದು ನೋಟ್‌ಬುಕ್ಕಿಗೆ ಅಂಟಿಸಿದೆ. ಸಂಜೆ ಅಜ್ಜಿ ಬಂದದ್ದೇ ತಡ, ಪುಸ್ತಕ ಹಿಡಿದು ಓಡಿದಳು. ಟಿಕೆಟ್ ಮೇಲೆ ಬೆರಳಿಟ್ಟು "ಆಯೆ" ಅಂದಳು. ಅಲ್ಲಿಯವರೆಗೆ ಅವಳು "ಆಯೆ" ಅಂದಾಗಲೆಲ್ಲ ನಾವು "ಆಯಾ ಬೈದ್ರಾ?" ಅಂತ ಕೇಳುತ್ತಿದ್ದೆವು, ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು. ಅಜ್ಜಿ ಟಿಕೆಟ್ ನೋಡಿ, "ಆನೆನಾ ಪುಟ್ಟಿ? ನೀರು ಎರಚ್ತಾ?" ಅಂದರು. ಮಗಳು ಕೈಯನ್ನೇ ಸೊಂಡಿಲು ಮಾಡಿ ತೋರಿಸಿದಳು. ಹತ್ತು ನಿಮಿಷ ಇಬ್ಬರ ಹರಟೆ. ಅವಳ ಉಚ್ಚಾರ ಒಂಚೂರೂ ಬದಲಾಗಿರಲಿಲ್ಲ. ಯಾವ ವಿಷಯ ಅಂತ ಅಜ್ಜಿಗೆ ಗೊತ್ತಾಗಿತ್ತು, ಅಷ್ಟೇ.

ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಕೇಳಿದ್ದಕ್ಕಿಂತ ಕಂಡದ್ದು ಚೆನ್ನಾಗಿ ನೆನಪಿರುತ್ತದೆ, ಆಡುವುದಕ್ಕಿಂತ ಅರ್ಥವಾಗುವುದು ಜಾಸ್ತಿ ಅಂತ ಥೆರಪಿಸ್ಟ್ ಆಮೇಲೆ ಹೇಳಿದರು. ಬಸ್ ಟಿಕೆಟ್, ಚಾಕೊಲೇಟ್ ಕಾಗದ, ಮದುವೆ ಕರೆಯೋಲೆ, ಎಲ್ಲ ಅಂಟಿಸಿದೆವು. ಕ್ರಮೇಣ ಅವಳೇ ಕೆಳಗೆ ಬರೆಯತೊಡಗಿದಳು. "ಅಜಿ ಬಂತು."

ಅಲ್ಲೇ ನಾನು ಕೆಡಿಸಿದ್ದು. ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದೆ, ದಿನಾ ಸಂಜೆ ರಾಶಿ ಕಾಪಿ ತಿದ್ದುತ್ತಿದ್ದೆ. ಕೆಂಪು ಪೆನ್ನು ಕೈಯಲ್ಲೇ ಇತ್ತು. "ಅಜಿ"ಗೆ ಒತ್ತು ಕೊಟ್ಟೆ. "ಬಂತು" ಹೊಡೆದು "ಬಂದರು" ಮಾಡಿದೆ. ನೋವಾಗಲಿ ಅಂತಲ್ಲ, ನಾಲ್ಕು ಜನ ನೋಡುವ ಪುಸ್ತಕ ಚೆನ್ನಾಗಿರಲಿ ಅಂತ. ಆಮೇಲೆ ದಿನಕ್ಕೆ ಐದು ಸಾಲು, ಇಲ್ಲದಿದ್ದರೆ ಟೀವಿ ಇಲ್ಲ. ಎರಡೇ ತಿಂಗಳಲ್ಲಿ ಪುಸ್ತಕದ ತುಂಬ ಒಂದೇ ಮಾತು: "ದೋಸೆ ತಿಂದೆ." ಉಪ್ಪಿಟ್ಟು ತಿಂದ ದಿನವೂ ದೋಸೆ. ಯಾಕೆ ಅಂತ ಹೊಳೆಯಲು ನನಗೆ ಬಹಳ ದಿನ ಬೇಕಾಯಿತು. ಉಪ್ಪಿಟ್ಟಿನಲ್ಲಿ ಎರಡು ಒತ್ತಕ್ಷರ, ದೋಸೆಯಲ್ಲಿ ಒಂದೂ ಇಲ್ಲ! ಕೆಂಪು ಗೀಟು ಬೀಳದ ಮಾತನ್ನು ಹುಡುಕಿಕೊಂಡಿದ್ದಳು. ಒಂದು ದಿನ ಅಕ್ಕಿ ಡ್ರಮ್ಮಿನಲ್ಲಿ ಕೈ ಹಾಕಿದರೆ ಪುಸ್ತಕ ಸಿಕ್ಕಿತು. ಬಚ್ಚಿಟ್ಟಿದ್ದಳು. ಮುಂದೆ ಒಂದು ವರ್ಷ ಯಾರಿಗೂ ಏನೂ ತೋರಿಸಲಿಲ್ಲ.

ಹಾಗಾಗಿ ಎಷ್ಟು ಸಾಲು ಅನ್ನುವ ಪ್ರಶ್ನೆಯನ್ನೇ ಬಿಡಿ. ಡೈರಿಯಿಂದ ನಾಲಿಗೆ ತಿರುಗುವುದಿಲ್ಲ. ಅದಕ್ಕೆ ಸ್ಪೀಚ್ ಥೆರಪಿ ಬೇರೆಯೇ ಬೇಕು. ಅದಕ್ಕೂ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಈ ಮಕ್ಕಳಲ್ಲಿ ಕಿವಿ ತಮಟೆಯ ಹಿಂದೆ ದ್ರವ ನಿಲ್ಲುವುದು ತುಂಬ ಸಾಮಾನ್ಯ. ನಮಗೆ ಹಠ ಅನಿಸುವುದು ನಿಜಕ್ಕೂ ಕೇಳಿಸದೇ ಇರುವುದೂ ಇರಬಹುದು. ಮೈಸೂರಿನ ಹತ್ತಿರದವರಾದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಎರಡೂ ಆಗುತ್ತವೆ. ಮನೆಯಲ್ಲಿ ಕನ್ನಡವಾದರೆ ಪುಸ್ತಕದಲ್ಲೂ ಕನ್ನಡವೇ ಇರಲಿ. ಮನೆಯಲ್ಲೊಂದು, ಶಾಲೆಯಲ್ಲೊಂದು ಅಂತ ಎರಡು ಭಾಷೆಯಾದರೆ ಮಗು ಕಂಗಾಲಾಗುತ್ತದೆ ಅನ್ನುವವರ ಮಾತು ನಂಬಬೇಡಿ. ಅವನು ಬರೆಯದಿದ್ದರೂ ಪರವಾಗಿಲ್ಲ, ಅವನು ಹೇಳಿದ್ದನ್ನು ಹೇಳಿದ ಹಾಗೇ ನೀವು ಬರೆಯಿರಿ. ಮನೆಗೆ ಬಂದವರ ಕೈಗೆ ಪುಸ್ತಕ ಕೊಡಿ. ತರಬೇತಿ ಬೇಕಿರುವುದು ಅವರಿಗೆ.

ನನ್ನ ಮಗಳು ಹೊಸ ಪುಸ್ತಕ ಮುಟ್ಟಿದ್ದು ಕೆಂಪು ಪೆನ್ನು ಮನೆಯಿಂದ ಹೋದ ಮೇಲೆ. ಮೊನ್ನೆ ಹೋಟೆಲ್ ಬಿಲ್ ಅಂಟಿಸಿ, ಅದನ್ನು ಅವಳ ಅತ್ತೆಗೆ ತೋರಿಸುತ್ತಿದ್ದಳು. ಇಬ್ಬರೂ ನನ್ನ ಕಡೆ ನೋಡಿ ನಗುತ್ತಿದ್ದರು. ಇಣುಕಿದೆ. ಬಿಲ್ ಕೆಳಗೆ ಬರೆದಿತ್ತು: "ಅಮ ಜಗಳ."